ಬೀಗದ ಕೈ ಕೊಡುವ ಮೊದಲು: ಬಾಡಿಗೆ ಮೋಸದಿಂದ ಮನೆ ಕಾಪಾಡಿಕೊಳ್ಳುವುದು ಹೇಗೆ?

ಮನೆ ಮಡಿಕೇರಿಯಲ್ಲಿ, ಮನೆಯವರು ಬೆಂಗಳೂರಿನಲ್ಲಿ. ಕೊಡಗಿನಲ್ಲಿ ಇದು ಮಾಮೂಲು. ಬೀಗ ಹಾಕಿಟ್ಟ ಮನೆ ಎರಡು ಮಳೆಗಾಲ ಕಳೆಯುವುದರೊಳಗೆ ಪಾಚಿ ಕಟ್ಟಿ, ಹೆಂಚು ಜಾರಿ ಕೂತಿರುತ್ತದೆ. ಹಾಗಾಗಿ ಬಾಡಿಗೆ ಕಡಿಮೆಯಾದರೂ ಪರವಾಗಿಲ್ಲ, ಬೇಗ ಯಾರಾದರೂ ಬರಲಿ ಎನ್ನುವವರೇ ಜಾಸ್ತಿ. ಮೋಸ ಮಾಡುವವರಿಗೆ ಬೇಕಾಗಿರುವುದೂ ಈ ಆತುರವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೀಗದ ಕೈ ಕೊಟ್ಟ ಮೇಲೆ ಕಾನೂನು ಬಾಡಿಗೆದಾರರ ವಾಸಕ್ಕೆ ರಕ್ಷಣೆ ಕೊಡುತ್ತದೆ. ಅದು ನ್ಯಾಯವೇ, ಇಲ್ಲದಿದ್ದರೆ ಬಡವರು ದಿನಕ್ಕೊಂದು ಮನೆ ಬದಲಿಸಬೇಕಾಗುತ್ತಿತ್ತು. ಆದರೆ ಮಾಲೀಕರು ಮಾಡಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲು ಬೀಗದ ಕೈ ಕೊಡುವ ಮೊದಲೇ ಮುಗಿದಿರಬೇಕು.

ಹಂತ 1: ಮನೆ ನೋಡದೆ ಒಪ್ಪಿಕೊಳ್ಳುವವರನ್ನು ದೂರವಿಡಿ

‘ಮನೆ ಬಾಡಿಗೆಗಿದೆ’ ಎಂದು ಆನ್‌ಲೈನ್‌ನಲ್ಲಿ ಫೋಟೊ ಹಾಕುತ್ತೀರಿ. ಸ್ವಲ್ಪ ಹೊತ್ತಿಗೇ ಫೋನ್ ಬರುತ್ತದೆ. ಆ ಕಡೆಯವರು ಹಿಂದಿಯಲ್ಲಿ ಮಾತಾಡುತ್ತಾರೆ. ತಾವು ಸೇನೆಯವರು, ನಿಮ್ಮೂರಿಗೆ ವರ್ಗವಾಗಿದೆ, ಮನೆ ಇಷ್ಟವಾಯಿತು, ಅಡ್ವಾನ್ಸ್ ಈಗಲೇ ಕಳಿಸುತ್ತೇನೆ ಎನ್ನುತ್ತಾರೆ. ಸಮವಸ್ತ್ರದ ಫೋಟೊ, ಸೇನೆಯ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ಎಲ್ಲವೂ ವಾಟ್ಸಾಪ್‌ಗೆ ಬರುತ್ತವೆ. ಆಮೇಲೆ ಅಸಲಿ ವಿಷಯ. ‘ನಮ್ಮದು ಸೇನೆಯ ಖಾತೆ, ನಿಯಮ ಬೇರೆ. ನೀವು ಮೊದಲು ₹1 ಕಳಿಸಿ, ₹2 ವಾಪಸ್ ಬರುತ್ತದೆ.’ ನಿಜವಾಗಿಯೂ ಬರುತ್ತದೆ! ಅಷ್ಟಕ್ಕೇ ನಂಬಿಕೆ ಕೂತುಬಿಡುತ್ತದೆ. ಮುಂದಿನದು ಒಂದು ಕ್ಯೂಆರ್ ಕೋಡ್. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದ ಕ್ಷಣ ನಿಮ್ಮ ಖಾತೆ ಖಾಲಿ.

ದೇಶದ ಎಷ್ಟೋ ಊರುಗಳಲ್ಲಿ ಇದೇ ನಾಟಕ ನಡೆದಿದೆ. ಆದರೆ ಕಾರ್ಯಪ್ಪ, ತಿಮ್ಮಯ್ಯ ಅವರ ನಾಡಿನಲ್ಲಿ ಇದು ಇನ್ನೂ ಸಲೀಸು. ಫೌಜಿ ಎಂದರೆ ನಾವು ಕುರ್ಚಿ ಬಿಟ್ಟು ಏಳುವವರು, ಅನುಮಾನಪಡುವುದೇ ಪಾಪ ಎಂದುಕೊಳ್ಳುವವರು. ಅದಕ್ಕೆ ಮದ್ದೂ ನಮ್ಮ ಬೀದಿಯಲ್ಲೇ ಇದೆ. ಪಕ್ಕದಲ್ಲಿ ಯಾರಾದರೂ ನಿವೃತ್ತ ಸುಬೇದಾರರು ಇದ್ದೇ ಇರುತ್ತಾರೆ. ಫೋನನ್ನು ಅವರ ಕೈಗೆ ಕೊಡಿ. ಯಾವ ರೆಜಿಮೆಂಟ್, ಯಾವ ಯೂನಿಟ್, ಇಲ್ಲಿ ಯಾವ ಕಚೇರಿಗೆ ವರ್ಗ ಎಂದು ಅವರು ಕೇಳಲಿ. ಕಳ್ಳನಾದರೆ ಎರಡನೇ ಪ್ರಶ್ನೆಗೇ ಲೈನ್ ಕಟ್ ಆಗುತ್ತದೆ.

ಒಂದನ್ನು ಮಾತ್ರ ಮರೆಯಬೇಡಿ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಪಿನ್ ಬೇಡ, ಸ್ಕ್ಯಾನ್ ಕೂಡ ಬೇಡ. ಅಕಸ್ಮಾತ್ ಹಣ ಹೋದರೆ ಸಂಕೋಚ ಮಾಡಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಜಾಸ್ತಿ.

ಹಂತ 2: ಆಳನ್ನು ನೋಡಿ, ಆಮೇಲೆ ಕಾಗದ ನೋಡಿ

ಬರುವವರು ಮನೆಗೆ ಬಂದು ನೋಡಲಿ, ನೀವೂ ಎದುರಿಗೆ ಕೂತು ಮಾತಾಡಿ. ನೀವು ಊರಿನಲ್ಲಿ ಇಲ್ಲದಿದ್ದರೆ ನಂಬಿಕಸ್ಥ ನೆಂಟರೊಬ್ಬರು ಇರಲಿ. ಆಧಾರ್‌ನ ಜೆರಾಕ್ಸ್ ಇಸಿದುಕೊಂಡರೆ ಸಾಲದು. ಜೆರಾಕ್ಸ್‌ನಲ್ಲಿ ಹೆಸರು, ಫೋಟೊ ಬದಲಿಸುವುದು ಎರಡು ನಿಮಿಷದ ಕೆಲಸ. ಅಸಲಿ ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಅಲ್ಲಿ ಬರುವ ವಿವರ ಎದುರಿಗಿರುವ ಮುಖಕ್ಕೆ ಹೊಂದಬೇಕು.

ಕೆಲಸ ಮಾಡುವ ಜಾಗಕ್ಕೆ ಒಂದು ಫೋನ್ ಮಾಡಿ. ಅವರೇ ಕೊಟ್ಟ ನಂಬರಿಗಲ್ಲ, ನೀವೇ ಹುಡುಕಿದ ನಂಬರಿಗೆ. ಹಿಂದೆ ಬಾಡಿಗೆಗಿದ್ದ ಮನೆಯ ಮಾಲೀಕರನ್ನೂ ಕೇಳಿ. ಈಗ ಇರುವ ಮನೆಯ ಮಾಲೀಕರು ‘ಒಳ್ಳೆಯವರು, ಕರ್ಕೊಳ್ಳಿ’ ಎಂದರೆ ಸ್ವಲ್ಪ ಯೋಚಿಸಿ. ಸಾಗಹಾಕಿದರೆ ಸಾಕು ಎಂದಿರುವವರೂ ಹಾಗೇ ಹೇಳುತ್ತಾರಲ್ವಾ? ಅದಕ್ಕಿಂತ ಹಿಂದಿನ ಮನೆಯವರ ಮಾತಿಗೆ ಬೆಲೆ ಜಾಸ್ತಿ.

ವಿವರ, ಫೋಟೊಗಳನ್ನು ಹತ್ತಿರದ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ತೋಟದ ಲೈನ್ ಮನೆಗಳಿಗೆ ಅಸ್ಸಾಂ, ಬಂಗಾಳದ ಕಡೆಯಿಂದ ಕೆಲಸಗಾರರು ಬಂದಾಗ ಮೇಸ್ತ್ರಿಯ ಒಂದು ಕಾರ್ಡಿನಲ್ಲಿ ಇಡೀ ತಂಡದ ಲೆಕ್ಕ ಮುಗಿಸುವ ರೂಢಿ ಇದೆ. ಅದು ಬೇಡ. ಒಬ್ಬೊಬ್ಬರದೂ ಬೇರೆ ಬೇರೆ ತೆಗೆದುಕೊಳ್ಳಿ. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರಂ ತುಂಬಬೇಕು. ಆ ಹೊಣೆ ಮನೆ ಕೊಟ್ಟವರದು.

ಹಂತ 3: ಕರಾರು ಪತ್ರವನ್ನು ನೀವೇ ಓದಿ

ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಕರಾರೊಂದು ಇರುತ್ತದೆ. ಹೆಸರು ಬದಲಿಸಿ, ಪ್ರಿಂಟ್ ತೆಗೆದು, ನೋಟರಿ ಮುದ್ರೆ ಹೊಡೆಸಿದರೆ ಆಯಿತು ಎಂದುಕೊಳ್ಳುತ್ತೇವೆ. ಅದರಲ್ಲಿ ಏನಿದೆ ಎಂಬುದನ್ನು ಜಗಳ ಶುರುವಾದ ದಿನವೇ ಓದುವುದು.

ತೀರಾ ಕಡಿಮೆ ಬಾಡಿಗೆಯ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಉಳಿದ ಹೆಚ್ಚಿನವು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತವೆ. ಅದರ 108ನೇ ಕಲಂ ಮಾಲೀಕರಿಗೆ ಗೊತ್ತಿರಲೇಬೇಕು. ಕರಾರಿನಲ್ಲಿ ಬೇಡ ಎಂದು ಬರೆಯದಿದ್ದರೆ, ಬಾಡಿಗೆದಾರರು ಮನೆಯನ್ನು ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಡಬಹುದು! ಕೊಡಗಿನಲ್ಲಿ ಇದರ ಅಪಾಯ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಸಂಸಾರ ಸಮೇತ ಇರುತ್ತೇವೆ’ ಎಂದು ಮನೆ ಹಿಡಿಯುತ್ತಾರೆ. ವಾರಾಂತ್ಯಕ್ಕೆ ಬೋರ್ಡಿಲ್ಲದ ಹೋಂಸ್ಟೇ ನಡೆಸುತ್ತಾರೆ. ರಾತ್ರಿ ಗಲಾಟೆಯಾಗಿ ಪೊಲೀಸರು ಬಂದಾಗ ಕೇಳುವುದು ನಿಮ್ಮ ಹೆಸರನ್ನು. ಇನ್ನೂ ಕೆಟ್ಟದ್ದೆಂದರೆ, ಬಾಡಿಗೆಗೆ ಬಂದವನೇ ಮಾಲೀಕನಂತೆ ನಟಿಸಿ ಮೂರನೆಯವರಿಂದ ಲಕ್ಷಗಟ್ಟಲೆ ಭೋಗ್ಯದ ಹಣ ಇಸಿದುಕೊಂಡು ಓಡಿಹೋಗುವುದು. ನಿಮ್ಮ ಮನೆಯಲ್ಲಿ ಉಳಿಯುವವರು ಮೋಸ ಹೋದ ಇನ್ನೊಂದು ಸಂಸಾರ.

ಹಾಗಾಗಿ ಸ್ಪಷ್ಟವಾಗಿ ಬರೆಸಿ. ಯಾರು ಯಾರು ವಾಸ ಇರುತ್ತಾರೆ ಎಂದು ಹೆಸರು ಸಮೇತ ಇರಲಿ. ವಾಸಕ್ಕೆ ಮಾತ್ರ, ಒಳಬಾಡಿಗೆ, ಭೋಗ್ಯ, ಹೋಂಸ್ಟೇ ಯಾವುದೂ ಇಲ್ಲ ಎಂದಿರಲಿ. ಮನೆಯ ಸುತ್ತ ತೋಟ ಇದ್ದರೆ ‘ಮನೆ ಮಾತ್ರ, ತೋಟ ಸೇರಿಲ್ಲ’ ಎಂಬ ಸಾಲು ಬೇಕೇ ಬೇಕು. ಕಾಫಿ, ಕರಿಮೆಣಸು, ಬಿದ್ದ ಮರ ಎಲ್ಲದಕ್ಕೂ ಅದು ಅನ್ವಯಿಸಲಿ. ಅಂಗಳದ ಮರಕ್ಕೆ ಯಾರೋ ಕೊಡಲಿ ಹಾಕಿದರೆ ಅರಣ್ಯ ಇಲಾಖೆಯವರು ಬರುವುದು ನಿಮ್ಮ ಹತ್ತಿರ. ತಲೆಮಾರುಗಳಿಂದ ಬಂದ ಜಮ್ಮಾ ಜಾಗವಾಗಿದ್ದು ಒಕ್ಕದ (ಮನೆತನದ) ಹಲವರ ಹೆಸರು ದಾಖಲೆಯಲ್ಲಿದ್ದರೆ, ಕರಾರಿಗೆ ಸಹಿ ಯಾರದು, ಬಾಡಿಗೆ ಯಾರ ಖಾತೆಗೆ ಎಂಬುದನ್ನು ನಿಮ್ಮೊಳಗೇ ಮೊದಲು ತೀರ್ಮಾನಿಸಿ. ದಾಯಾದಿಗಳ ನಡುವಿನ ಬಿರುಕು ಕಂಡರೆ ಬಾಡಿಗೆ ಕೊಡದವನಿಗೆ ಅದೇ ನೆಪ.

ಕರಾರು 11 ತಿಂಗಳಿಗೇ ಏಕೆ? ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, ಅದಕ್ಕೆ. ನೋಟರಿ ಮುದ್ರೆ ನೋಂದಣಿಗೆ ಸಮ ಅಲ್ಲ. ಸ್ಟಾಂಪ್ ಶುಲ್ಕದಲ್ಲಿ ಜಿಪುಣತನವೂ ಬೇಡ. ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ಕೋರ್ಟ್ ಸಾಕ್ಷಿಯಾಗಿ ಒಪ್ಪಬೇಕಾದರೆ ಬಾಕಿಯ ಜೊತೆಗೆ ಅದರ ಹತ್ತು ಪಟ್ಟು ದಂಡ ಬೀಳಬಹುದು.

ಹಂತ 4: ಹಣ ಖಾತೆಗೆ, ಫೋಟೊ ಫೋನಿಗೆ

ಅಡ್ವಾನ್ಸ್, ಬಾಡಿಗೆ ಎರಡೂ ಬ್ಯಾಂಕ್ ಮೂಲಕ ಬರಲಿ. ‘ಹಣ ಹಾಕಿದೆ’ ಎಂಬ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆ ನೋಡಿಕೊಳ್ಳಿ. ಬೀಗದ ಕೈ ಕೊಡುವ ದಿನ ಗೋಡೆ, ಹೆಂಚು, ನಲ್ಲಿ, ಮೀಟರ್ ಎಲ್ಲದರ ವಿಡಿಯೊ ತೆಗೆದು ಅವರಿಗೂ ಕಳಿಸಿ. ನಮ್ಮ ಮಳೆಯಲ್ಲಿ ಸೋರಿದ್ದು ಯಾವುದು, ಒಡೆದದ್ದು ಯಾವುದು ಎಂಬ ಜಗಳಕ್ಕೆ ಕೊನೆಯಿಲ್ಲ.

ಕರೆಂಟ್ ಬಿಲ್, ಮನೆ ಕಂದಾಯದ ರಸೀದಿಯ ಪ್ರತಿ ಕೇಳಿದರೆ ಏಕೆ ಎಂದು ಕೇಳಿ. ನಿಮ್ಮ ಮನೆಯ ವಿಳಾಸದಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಲು ಬೇಕಾಗುವುದು ಇಂಥವೇ ಕಾಗದ. ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ಯಾರಿಗೆ, ಯಾವ ಕೆಲಸಕ್ಕೆ ಎಂದು ಬರೆದು ಸಹಿ ಹಾಕಿ. ಕುಶಾಲನಗರ, ಗೋಣಿಕೊಪ್ಪಲಿನಲ್ಲಿ ಗೋಡೌನ್ ಕೊಡುವವರು ಇದನ್ನು ಇನ್ನೂ ಬಿಗಿಯಾಗಿ ನೋಡಬೇಕು. ಕರಿಮೆಣಸು ಖರೀದಿಗೆಂದು ಬಂದವರು ಬೆಳೆಗಾರರಿಗೆ ಬಾಕಿ ಉಳಿಸಿ ಪರಾರಿಯಾದರೆ, ಜನ ಬಂದು ನಿಲ್ಲುವುದು ಗೋಡೌನ್ ಬಾಗಿಲಲ್ಲಿ.

ಹಂತ 5: ಬಾಡಿಗೆ ನಿಂತರೆ

ಸಿಟ್ಟು ಬಂದರೂ ಬೀಗ ಒಡೆಯಬೇಡಿ, ಕರೆಂಟ್ ಕತ್ತರಿಸಬೇಡಿ, ಸಾಮಾನು ಹೊರಗೆ ಹಾಕಬೇಡಿ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಅವರು ಮತ್ತೆ ಒಳಗೆ ಬರಬಹುದು. ಪೊಲೀಸರು ಬಂದು ಮನೆ ಖಾಲಿ ಮಾಡಿಸುತ್ತಾರೆ ಎಂದುಕೊಳ್ಳಬೇಡಿ. ನಕಲಿ ದಾಖಲೆ, ಭೋಗ್ಯದ ವಂಚನೆ ಇದ್ದರೆ ದೂರು ಕೊಡಿ. ಬರೀ ಬಾಡಿಗೆ ಬಾಕಿ ಸಿವಿಲ್ ವ್ಯಾಜ್ಯ.

ತಿಂಗಳ ಬಾಡಿಗೆಯ ವಾಸದ ಮನೆಗೆ, ಕರಾರಿನಲ್ಲಿ ಬೇರೆ ಹೇಳದಿದ್ದರೆ, 15 ದಿನದ ಲಿಖಿತ ನೋಟಿಸ್ ಕೊಡಬೇಕು. ವಕೀಲರ ಮೂಲಕ, ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳಿಸಿ. ಆಮೇಲೂ ಬಿಡದಿದ್ದರೆ ಸಿವಿಲ್ ಕೋರ್ಟ್. ಬಾಕಿ ಬಾಡಿಗೆಗೆ ದಾವೆ ಹಾಕಲು ಮೂರು ವರ್ಷದ ಗಡುವಿದೆ, ಎಳೆಯುತ್ತಾ ಕೂರಬೇಡಿ. ‘12 ವರ್ಷ ಇದ್ದರೆ ಮನೆ ಅವರದ್ದೇ’ ಎಂಬ ಮಾತಿಗೆ ಹೆದರುವವರು ಬಹಳ. ಸುಮ್ನೆ ಬಾಡಿಗೆಗೆ ಇದ್ದಷ್ಟಕ್ಕೇ ಮನೆ ಯಾರದ್ದೂ ಆಗುವುದಿಲ್ಲ. ಆದರೆ ಬಾಡಿಗೆಗೆ ಕೊಟ್ಟದ್ದು ಎಂದು ತೋರಿಸಲು ಕರಾರು, ಬ್ಯಾಂಕ್ ದಾಖಲೆ ನಿಮ್ಮ ಕೈಯಲ್ಲಿರಬೇಕು.

ಖಾಲಿ ಮಾಡಿದ ದಿನ ಬೀಗವನ್ನೇ ಬದಲಿಸಿ. ಮನೆ ಒಪ್ಪಿಸಿದ್ದೇವೆ ಎಂದು ಸಹಿ ಮಾಡಿಸಿಕೊಂಡ ಮೇಲೆಯೇ ಅಡ್ವಾನ್ಸ್ ವಾಪಸ್ ಕೊಡಿ. ಗೃಹಜ್ಯೋತಿಗೆ ಅವರ ಆಧಾರ್ ನಿಮ್ಮ ಮನೆಯ ಮೀಟರಿಗೆ ಜೋಡಣೆಯಾಗಿದ್ದರೆ, ಅವರು ಲಾರಿ ಹತ್ತುವ ಮೊದಲೇ ಅದನ್ನು ತೆಗೆಸಿ. ಇಲ್ಲದಿದ್ದರೆ ಮುಂದೆ ಬರುವವರು ಅರ್ಜಿ ಹಾಕುವಾಗ ನೀವು ಕರೆಂಟ್ ಕಂಪನಿ ಸೆಸ್ಕ್‌ನ ಕಚೇರಿಗೆ ಅಲೆಯಬೇಕಾಗುತ್ತದೆ.