ಅರ್ಧ ದಿನದ ಕೆಲಸ: ಪಗಾರಕ್ಕಿಂತ ಮೊದಲು ವೇಳೆ ಮಾತಾಡಿ

‘ಕೆಲಸ ಬಿಟ್ಟು ಎಷ್ಟ್ ತಿಂಗಳಾತಪಾ?’ ಮದುವೆ ಮನೆಯ ಪಂಕ್ತಿಯಲ್ಲಿ ಕಾಕಾ ಹೀಗೆ ಕೇಳಿದರೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ. ಆ ಪ್ರಶ್ನೆಗೆ ಅಂಜಿಯೇ ಸಿಕ್ಕ ಅರೆಕಾಲಿಕ ಕೆಲಸಕ್ಕೆ ಸೇರುವವರಿದ್ದಾರೆ. ಸೇರುವುದು ತಪ್ಪಲ್ಲ, ಕಾಯಂ ನೌಕರಿ ಹುಡುಕಲು ಹೊತ್ತು ಉಳಿಯುವಂತೆ ವೇಳೆ ಗೊತ್ತುಮಾಡಿಕೊಳ್ಳದೆ ಸೇರುವುದು ತಪ್ಪು.

ಇಂಟರ್‌ವ್ಯೂ ಕರೆ, ಹುಬ್ಬಳ್ಳಿಯ ಗೋಕುಲ ರೋಡ್–ತಾರಿಹಾಳದ ಕಾರ್ಖಾನೆಗಳ ಎಚ್‌ಆರ್ ಭೇಟಿ, ಎಲ್ಲವೂ ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ಸಂಜೆ 4ರ ನಡುವೆ. ಆ ಹೊತ್ತು ಯಾರಿಗೂ ಕೊಡಬೇಡಿ. ಉಳಿದದ್ದಕ್ಕೆ ಹೊಂದುವ ಕೆಲಸ ಹುಡುಕಿ: ಮಕ್ಕಳ ಟ್ಯೂಷನ್, ಸಂಜೆ ಅಂಗಡಿಯ ಬಿಲ್ಲಿಂಗ್, ಮನೆಯಲ್ಲೇ ಕೂತು ಮಾಡುವ ಡಿಟಿಪಿ, ಟ್ಯಾಲಿ ಎಂಟ್ರಿ. ಹಾವೇರಿ ಕಡೆಯವರಿಗೆ ಬ್ಯಾಡಗಿಯ ಮೆಣಸಿನಕಾಯಿ ಸೀಜನ್ ಇದೆ. ಮಾರುಕಟ್ಟೆ ಜೋರಾಗಿ ನಡೆಯುವುದು ಸೋಮವಾರ, ಗುರುವಾರ. ದಲಾಲಿ ಅಂಗಡಿಯಲ್ಲಿ ಆ ಎರಡು ದಿನ ಲೆಕ್ಕ ಬರೆದರೆ ಮಂಗಳವಾರ, ಬುಧವಾರ, ಶುಕ್ರವಾರ ನಿಮ್ಮ ಕೈಯಲ್ಲೇ ಇರುತ್ತವೆ.

ಇನ್ನು ರೊಕ್ಕದ ಲೆಕ್ಕ. ಧಾರವಾಡದವರು ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ದಿನಕ್ಕೆ 4 ತಾಸು ಲೆಕ್ಕ ಬರೆಯಲು ತಿಂಗಳಿಗೆ 6,000 ರೂಪಾಯಿಗೆ ಒಪ್ಪಿದರು ಎನ್ನಿ. 26 ದಿನಕ್ಕೆ ಹಂಚಿದರೆ ದಿನಕ್ಕೆ 230. ಬಸ್ಸು, ಚಹಾಕ್ಕೆ 60 ಹೋದರೆ ಉಳಿದದ್ದು 170. ಚಿಗರಿ ಬಸ್ಸಿಗೆ ಕಾಯುವುದು, ಹೋಗಿಬರುವುದು ಸೇರಿ ಒಂದೂವರೆ ತಾಸು ಕೂಡಿಸಿದರೆ ಒಟ್ಟು ಐದೂವರೆ ತಾಸು. ತಾಸಿಗೆ ಬಿದ್ದದ್ದು 31 ರೂಪಾಯಿ! ಅದರ ಬದಲು ಧಾರವಾಡದ ಸಪ್ತಾಪುರದಲ್ಲೇ ಮನೆ ಪಕ್ಕ ಒಂದೂವರೆ ತಾಸು ಟ್ಯೂಷನ್ ಹೇಳಿ 4,000 ಬಂದರೆ ತಾಸಿಗೆ 100 ದಾಟುತ್ತದೆ. ತಿಂಗಳ ಪಗಾರ ಕಡಿಮೆ, ಆದರೆ ತಾಸಿನ ಲೆಕ್ಕದಲ್ಲಿ ಹೆಚ್ಚು ಗಿಟ್ಟಿತು. ಬೈಕ್ ಮೇಲೆ ಡೆಲಿವರಿಗೆ ಹೋಗುವವರು ಪೆಟ್ರೋಲ್ ಜೊತೆ ಟೈರು, ಸರ್ವಿಸ್ಸನ್ನೂ ಕಳೆದು ನೋಡಬೇಕು.

ಮಾಲಕರ ಮುಂದೆ ನಾಚಿಕೆ ಬೇಡ. ‘ಸಾವಕಾರ್ರ, ಇಂಟರ್‌ವ್ಯೂ ಬಂದ್ರ ಹಿಂದಿನ ದಿನ ಹೇಳ್ತೀನ್ರಿ, ಅವತ್ತಿನ ಪಗಾರ ಹಿಡೀರಿ, ಆದ್ರ ಬಿಡಬೇಕ್ ನೋಡ್ರಿ’ ಎಂದು ಸೇರುವ ದಿನವೇ ಹೇಳಿ. ಅವರು ‘ನೋಡೂಣು ತಗೋ’ ಎಂದರೆ ನಮ್ಮ ಕಡೆ ಅದರ ಅರ್ಥ ‘ಇಲ್ಲ’ ಅಂತಲೇ. ನಾನು ಹೀಗೇ ಮೋಸಹೋದವನು. ದೀಪಾವಳಿ ಮುಂದೆ ಒಂದು ಬಟ್ಟೆ ಅಂಗಡಿಗೆ ಸಂಜೆ ಪಾಳಿ ಎಂದು ಸೇರಿದೆ. ನಾಲ್ಕನೇ ದಿನದಿಂದ ಬೆಳಿಗ್ಗೆಯೇ ಕರೆಸಿದರು. ಸೀರೆ ಮಡಚುತ್ತಿದ್ದಾಗ ಇಂಟರ್‌ವ್ಯೂಗೆ ಕರೆಯಲು ಬಂದ ಫೋನು ಎತ್ತಲಾಗಲಿಲ್ಲ. ಸಂಜೆ ತಿರುಗಿ ಮಾಡಿದರೆ ಆ ಜಾಗ ಭರ್ತಿಯಾಗಿತ್ತು.

ಯುವನಿಧಿ ಪಡೆಯುತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ 2 ವರ್ಷ. ನಿರುದ್ಯೋಗಿ ಎಂದು ಸ್ವಯಂ ಘೋಷಣೆ ಕೊಡುತ್ತಿರಬೇಕು. ಸರ್ಕಾರಿ ಇರಲಿ, ಖಾಸಗಿ ಇರಲಿ, ನೌಕರಿ ಸಿಕ್ಕರೂ ಸ್ವಂತ ಉದ್ಯೋಗಕ್ಕಿಳಿದರೂ ಅರ್ಹತೆ ಹೋಗುತ್ತದೆ. ‘ಅರ್ಧ ದಿನದ್ದು ನೌಕರಿನೇ ಅಲ್ಲ’ ಎಂದು ನೀವೇ ತೀರ್ಮಾನಿಸದೆ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಕೇಳಿಕೊಂಡೇ ಸೇರಿ. ಹೊಸ ಕಡೆ ಪಿಎಫ್ ಹಿಡಿಯುವುದಾದರೆ ಹಳೆಯ ಯುಎಎನ್ (ನೌಕರಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ನಂಬರನ್ನೇ ಕೊಡಿ.

ವಾಟ್ಸ್‌ಆ್ಯಪ್‌ನಲ್ಲಿ ‘ಮನೆಯಲ್ಲೇ ಕೂತು ವಿಡಿಯೊ ಲೈಕ್ ಮಾಡಿ, ದಿನಕ್ಕೆ 2,000 ಗಳಿಸಿ’ ಎಂದು ಬಂದರೆ ಉತ್ತರಿಸಬೇಡಿ. ಮೊದಲು ನೂರಿನ್ನೂರು ಖಾತೆಗೆ ಹಾಕಿ ನಂಬಿಸಿ, ಆಮೇಲೆ ‘ಟಾಸ್ಕ್’ ಹೆಸರಲ್ಲಿ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ‘ನಿಮ್ಮ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡಿ, ಕಮಿಷನ್ ಕೊಡ್ತೀವಿ’ ಎನ್ನುವವರೂ ಇದ್ದಾರೆ. ಕಳ್ಳ ಹಣ ನಿಮ್ಮ ಖಾತೆಯ ಮೇಲೆ ಹಾದುಹೋದರೆ ಖಾತೆ ಬಂದ್ ಆಗುತ್ತದೆ, ಪೊಲೀಸರು ಬರುವುದೂ ನಿಮ್ಮ ಮನೆಗೇ. ಎಟಿಎಂ ಕಾರ್ಡು, ಸಿಮ್ಮು ಈಗಾಗಲೇ ಅಂಥವರ ಕೈಸೇರಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಕಾರ್ಡು, ಖಾತೆ ಬಂದ್ ಮಾಡಿಸಿ, ಮೊಬೈಲ್ ಕಂಪನಿಗೆ ಹೇಳಿ ಸಿಮ್ಮು ಬಂದ್ ಮಾಡಿಸಿ, ಅಲ್ಲಿಂದ ಸೀದಾ ಠಾಣೆಗೆ ನಡೆಯಿರಿ.