ಹೊಲಿಗೆ ಹಾಕದ ಗಾಯ

ಮೊನ್ನೆ ತೋಟದಲ್ಲಿ ಕಳೆ ಹೊಡೆಯುತ್ತಿದ್ದ ಹುಡುಗನ ಕಾಲಿಗೆ ಮೆಷಿನ್ ಬ್ಲೇಡ್ ತಗುಲಿತು. ಗಾಯದ ತುಂಬ ಕೆಸರು. ಆಸ್ಪತ್ರೆಗೆ ಕಳಿಸಿದೆ. ಸಂಜೆ ಬಂದವನೇ, "ಅಮ್ಮಾ, ತೊಳೆದು ಹಾಗೇ ಬಿಟ್ಟಿದ್ದಾರೆ, ಹೊಲಿಗೆನೇ ಹಾಕಿಲ್ಲ" ಅಂದ. ನನಗೆ ಶ್ರೀನಗರ ನೆನಪಾಯಿತು.

ನಾನು ಮೂಡಿಗೆರೆ ಕಡೆಯವಳು. ಹಾಸನದಲ್ಲಿ ನರ್ಸಿಂಗ್ ಓದಿ ಮಿಲಿಟರಿ ನರ್ಸಿಂಗ್ ಸರ್ವೀಸ್ ಸೇರಿದೆ. ಲೆಫ್ಟಿನೆಂಟ್ ಅಂತ ಭುಜಕ್ಕೆ ಎರಡು ನಕ್ಷತ್ರ ಬಂದಾಗ, "ನರ್ಸಮ್ಮ ಹೇಗೆ ಆಫೀಸರ್ ಆಗ್ತಾಳೆ?" ಅಂತ ಅಪ್ಪನನ್ನು ಕೇಳಿದವರೇ ಜಾಸ್ತಿ. ಅಪ್ಪ ಪ್ರತಿಯೊಬ್ಬರಿಗೂ ಬಿಡಿಸಿ ಹೇಳುತ್ತಿದ್ದರು.

1999ರ ಕಾರ್ಗಿಲ್ ಯುದ್ಧದಲ್ಲಿ ನಾನು ಶ್ರೀನಗರದ 92 ಬೇಸ್ ಆಸ್ಪತ್ರೆಯಲ್ಲಿದ್ದೆ. ಹೆಲಿಕಾಪ್ಟರ್ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದೆವು. ಸ್ಟ್ರೆಚರ್‌ಗಳು ಸಾಲಾಗಿ ಬಂದಾಗ ನಾನು ಮೊದಲು ಹೋಗುತ್ತಿದ್ದದ್ದು ಸದ್ದಿಲ್ಲದೆ ಮಲಗಿದವರ ಹತ್ತಿರ. ಕೂಗುವವನಿಗೆ ಉಸಿರಾಡುವ ಶಕ್ತಿಯಾದರೂ ಇರುತ್ತದೆ, ಅಲ್ವಾ? ಉಸಿರು, ರಕ್ತಸ್ರಾವ, ನಾಡಿ ನೋಡಿ, ಯಾರನ್ನು ಮೊದಲು ಆಪರೇಷನ್‌ಗೆ ಒಯ್ಯಬೇಕು ಅಂತ ಡಾಕ್ಟರಿಗೆ ಹೇಳಬೇಕಿತ್ತು.

ಶೆಲ್ ಚೂರು ಒಂಟಿಯಾಗಿ ಮೈಯೊಳಗೆ ಹೋಗುವುದಿಲ್ಲ. ಮಣ್ಣು, ಸಮವಸ್ತ್ರದ ನೂಲು, ಕಾಲುಚೀಲದ ಉಣ್ಣೆ ಎಲ್ಲ ಎಳೆದುಕೊಂಡು ಹೋಗುತ್ತದೆ. ಮೇಲೆ ಹೊಲಿದುಬಿಟ್ಟರೆ ಒಳಗೇ ಕೊಳೆಯುತ್ತದೆ. ಅದಕ್ಕೇ ಸರ್ಜನ್ ಸತ್ತ ಮಾಂಸ ಕತ್ತರಿಸಿ, ತೊಳೆದು, ಗಾಯ ತೆರೆದೇ ಬಿಡುತ್ತಿದ್ದರು. ನಾಲ್ಕೈದು ದಿನ ಬಿಟ್ಟು, ಮಾಂಸ ಕೆಂಪಗೆ ಚೊಕ್ಕವಾಗಿದ್ದರೆ ಮಾತ್ರ ಹೊಲಿಗೆ. ಆ ನಡುವಿನ ದಿನಗಳು ನಮ್ಮವು. ನೋವು ಇದ್ದಕ್ಕಿದ್ದಂತೆ ಜಾಸ್ತಿಯಾಯಿತಾ? ಕೆಟ್ಟ ಸಿಹಿ ವಾಸನೆ ಬಂತಾ? ಗಾಯದ ಸುತ್ತ ಬೆರಳಿಟ್ಟು ಮೆಲ್ಲಗೆ ಒತ್ತುತ್ತಿದ್ದೆ. ಚರ್ಮದಡಿ ಚರಚರ ಅಂದರೆ ಒಳಗೆ ಗ್ಯಾಸ್ ತುಂಬುತ್ತಿದೆ ಅಂತ ಅರ್ಥ. ಆಗ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಕಾಲು ಹೋಗಬಹುದು, ಜೀವವೂ ಹೋಗಬಹುದು.

ಒಂದು ರಾತ್ರಿ ಹೊಟ್ಟೆಗೆ ಪೆಟ್ಟು ಬಿದ್ದವನೊಬ್ಬ "ಅವ್ವಾ, ನೀರು" ಅಂದ. ಕನ್ನಡ! "ಯಾವೂರಪ್ಪ ನಿಂದು?" ಅಂದೆ. ಕಣ್ಣು ಬಿಟ್ಟು, "ಅರಸೀಕೆರೆ ಹತ್ರ" ಅಂದ. ನೀರು ಕೊಡುವ ಹಾಗಿರಲಿಲ್ಲ, ಆಪರೇಷನ್ ಬಾಕಿ ಇತ್ತು. ಗಾಜ್ ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತುತ್ತಾ ಕೂತೆ. ಅದನ್ನೇ ಹೀರಲು ನೋಡುತ್ತಿದ್ದ. ಡ್ರಿಪ್ ಹಾಕಿದ್ದ ಕೈ ಅಲ್ಲಾಡಿಸಬೇಡ ಅಂತ ಹಿಡಿದುಕೊಂಡರೆ, ಅವನು ನನ್ನ ಬೆರಳು ಬಿಡಲಿಲ್ಲ. ಎಚ್ಚರವಾದ ಮೇಲೆ ಅವನು ಕೇಳಿದ್ದು, "ನಮ್ಮ ಕಡೆ ಮಳೆ ಆಯ್ತಾ ಅಕ್ಕಾ? ತೆಂಗಿನ ಮರ ಒಣಗ್ತಿದ್ವು." ಮನೆಯ ಪತ್ರದಲ್ಲಿ ಮಳೆ ಸುದ್ದಿ ಇತ್ತು. ಓದಿ ಹೇಳಿದೆ.

ತೋಟದ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಟಿಟಿ ಇಂಜೆಕ್ಷನ್ ಆಗಿದೆಯಾ ಅಂತ ಚೀಟಿ ನೋಡಿದೆ. ಕಾಲು ಎತ್ತರದಲ್ಲಿಟ್ಟು ಮಲಗು ಅಂದೆ. ದಿನಾ ಸಂಜೆ ಹೋಗಿ ನೋಡಿ ಬರುತ್ತಿದ್ದೇನೆ. ನಾಳೆಗೆ ಐದನೇ ದಿನ.