ಮಾತು ಕಡಿಮೆಯಿದ್ದ ಕನೂ ಗುರುವಿಗೆ ನೀರಿನ ಮೇಲೊಂದು ನೆನಪಿನ ಸಭೆ

ಹೆಚ್ಚು ಮಾತಾಡದೆ ಬದುಕಿದವರ ಬಗ್ಗೆ ಮಾತಾಡಿಸುವುದು ಸುಲಭವಲ್ಲ. ಕೈಗೆ ಮೈಕ್ ಕೊಟ್ಟರೆ ಎಲ್ಲರೂ "ತುಂಬಾ ಒಳ್ಳೆಯವರು, ಶಾಂತ ಸ್ವಭಾವದವರು" ಎಂದು ಹೇಳಿ ಕೂತುಬಿಡುತ್ತಾರೆ. ತೀರಿಕೊಂಡ ಕನೂ ಗುರುವಿನ ನೆನಪಿಗೆ ಶಿಷ್ಯರು ಸೇರುವಾಗಲೂ ಹೀಗೆಯೇ. ಕನೂ ಎಂಬ ಹಗುರ, ಕಿರಿದಾದ ದೋಣಿಯ ಪ್ರವಾಸದಲ್ಲಿ ನಾಯಕರು ದಿನವಿಡೀ ಕೂರುವುದು ಹಿಂದಿನ ಸೀಟಿನಲ್ಲಿ. ಮುಂದೆ ಹುಟ್ಟು ಹಾಕುವ ಹುಡುಗಿಗೆ ಅವರ ಮುಖವೇ ಕಾಣದು. ಸೊಟ್ಟಗೆ ಹೊರಟ ದೋಣಿ ಮತ್ತೆ ನೆಟ್ಟಗಾದದ್ದಷ್ಟೇ ಗೊತ್ತಾಗುತ್ತದೆ. ಹಾಗಾಗಿ ಗುಣಗಳನ್ನಲ್ಲ, ಅಭ್ಯಾಸಗಳನ್ನು ಕೇಳಿ. ಮಳೆ ಬಂದ ರಾತ್ರಿ ಅವರು ಮೊದಲು ಏನು ಮಾಡುತ್ತಿದ್ದರು? ನಿಮ್ಮ ಗಂಟು ತಪ್ಪಿದಾಗ ಬಿಚ್ಚಿ ತಾವೇ ಕಟ್ಟುತ್ತಿದ್ದರೋ, ನೀವೇ ಕಂಡುಕೊಳ್ಳಲಿ ಎಂದು ಬಿಡುತ್ತಿದ್ದರೋ?

ಈ ಕೆಲಸವನ್ನು ಮೂರು ನಾಲ್ಕು ವಾರ ಮೊದಲೇ ಶುರುಮಾಡಿ. ಹದಿಹರೆಯದವರನ್ನು ಎದುರಿಗೆ ಕೂರಿಸಿ ಕೇಳಿದರೆ ಏನೂ ಹೊರಡುವುದಿಲ್ಲ. ಹುಟ್ಟಿಗೆ ಮರಳುಕಾಗದ ಉಜ್ಜುತ್ತಲೋ ಹಗ್ಗ ಸುತ್ತುತ್ತಲೋ ಕೇಳಿದರೆ ಮಾತು ತಾನಾಗಿ ಬರುತ್ತದೆ. ನಡುವೆ ಮೌನ ಬಂದರೆ ತುಂಬಲು ಹೋಗಬೇಡಿ. ಧ್ವನಿಮುದ್ರಣಕ್ಕೆ ಅವರ ಒಪ್ಪಿಗೆ ಬೇಕು, ಚಿಕ್ಕವರಾದರೆ ಮನೆಯವರದೂ ಬೇಕು. ಬರೆದುಕೊಳ್ಳುವಾಗ ಭಾಷೆ ತಿದ್ದಬೇಡಿ.

ಅವರ ನಕ್ಷೆಗಳನ್ನು ಹುಡುಕಿಸಿ. ದೋಣಿ ಹೊತ್ತು ನಡೆಯುವ ದಾರಿ, ಡೇರೆ ಹಾಕಲು ಒಳ್ಳೆಯ ಜಾಗ, ಅಪಾಯದ ಬಂಡೆ, ಎಲ್ಲಕ್ಕೂ ಪೆನ್ಸಿಲ್ ಗುರುತು ಇರುತ್ತದೆ. ಮೂಲ ಪ್ರತಿಗೆ ಲ್ಯಾಮಿನೇಷನ್ ಬೇಡ, ಒಮ್ಮೆ ಅಂಟಿದ ಪ್ಲಾಸ್ಟಿಕ್ ಬಿಡಿಸಲಾಗದು. 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ ಪ್ರತಿ ಹಂಚಿ. ಮಾಸಿದ ಗುರುತಿನ ಮೇಲೆ ಪಕ್ಕದಿಂದ, ಓರೆಯಾಗಿ, ಟಾರ್ಚ್ ಬೆಳಕು ಬಿಟ್ಟು ಫೋಟೊ ತೆಗೆದರೆ ಪೆನ್ಸಿಲ್ ಒತ್ತಿದ ಗೆರೆ ಎಷ್ಟೋ ಸಲ ಕಾಣುತ್ತದೆ.

ಅವರ ಹುಟ್ಟಿನ ಮೇಲೆ ಎಲ್ಲರೂ ಹೆಸರು ಬರೆಯಬೇಕೆನ್ನುತ್ತಾರೆ. ಎಣ್ಣೆ ಕುಡಿದ ಮರದ ಮೇಲೆ ಮಾರ್ಕರ್ ಮಸಿ ಹರಡಿಕೊಳ್ಳುತ್ತದೆ. 220ರ ನಯವಾದ ಮರಳುಕಾಗದದಿಂದ ಉಜ್ಜಿ, ಪೆನ್ಸಿಲಿನಲ್ಲಿ ಬರೆದು, ಮರ ಸುಡುವ ಬಿಸಿ ಪೆನ್ನಿನಿಂದ ತಿದ್ದಿ, ಕೊನೆಗೆ ಅಗಸೆ ಎಣ್ಣೆ ಹಚ್ಚಿ. ವಾರ್ನಿಷ್ ಇದ್ದರೆ ಪೂರ್ತಿ ಉಜ್ಜಿ ತೆಗೆದ ಮೇಲೆಯೇ ಸುಡಬೇಕು, ಅದರ ಹೊಗೆ ಒಳ್ಳೆಯದಲ್ಲ. ಹಿಡಿ ಮತ್ತು ಅಲಗು ಸೇರುವ ಕುತ್ತಿಗೆಯಲ್ಲಿ ಕೆತ್ತಬೇಡಿ. ಎಳೆತವೆಲ್ಲ ಬೀಳುವುದು ಅಲ್ಲೇ, ಬಿರುಕು ಬಿಡುವುದೂ ಅಲ್ಲೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೇ ಕಾವು ಹೆಚ್ಚಿ ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ನೀರಿಗಿಳಿಯಲು ಬೆಳಗಿನ ಹೊತ್ತು ವಾಸಿ, ಗಾಳಿ ಸಾಮಾನ್ಯವಾಗಿ ಕಡಿಮೆ. ಎಲ್ಲರಿಗೂ ಲೈಫ್ ಜಾಕೆಟ್, ಬಕಲ್ ಹಾಕಿಯೇ. ಬಿಸಿಲು ನೋಡಿ ಮೋಸಹೋಗಬೇಡಿ, ನೀರಿನ ಬಿಸಿ ಅಳೆಯಿರಿ: 15 ಡಿಗ್ರಿಗಿಂತ ಕೆಳಗಿನ ನೀರಿಗೆ ಬಿದ್ದವರು ಮೊದಲ ನಿಮಿಷ ಉಸಿರು ಹತೋಟಿಗೆ ಬಾರದೆ ಏದುಸಿರು ಬಿಡುತ್ತಾರೆ.

ಅವರ ಹಿಂದಿನ ಸೀಟನ್ನು ಖಾಲಿ ಬಿಡುವುದಾದರೆ ಒಂದು ಉಪಾಯವಿದೆ. ಎರಡೂ ತುದಿ ಒಂದೇ ಆಕಾರದ ದೋಣಿಯಲ್ಲಿ, ಒಬ್ಬರು ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖಮಾಡಿ ಕೂತು ದೋಣಿಯನ್ನು ತಿರುವುಮುರುವಾಗಿ ನಡೆಸುತ್ತಾರೆ. ಖಾಲಿ ಸೀಟು ಕಣ್ಣೆದುರಿಗೇ ಇರುತ್ತದೆ. ಮುಂದಿನ ಸೀಟು ಮಧ್ಯಕ್ಕೆ ಹತ್ತಿರವಾದ್ದರಿಂದ ಎದುರಿನ ತುದಿ ಅಷ್ಟಾಗಿ ಮೇಲೇಳುವುದಿಲ್ಲ. ಆದರೂ ಖಾಲಿ ಸೀಟಿನ ಹತ್ತಿರ 15–20 ಲೀಟರ್ ನೀರಿನ ಕ್ಯಾನ್ ಇಡಿ, ಇಲ್ಲವಾದರೆ ಗಾಳಿ ದೋಣಿಯನ್ನು ತಿರುಗಿಸುತ್ತದೆ.

ದೋಣಿಗಳನ್ನು ಪಕ್ಕಪಕ್ಕ ಸೇರಿಸಿ ಅಂಚು ಹಿಡಿದು ನಿಲ್ಲುವಾಗ ಬೆರಳು ಎರಡು ದೋಣಿಗಳ ನಡುವೆ ಸಿಕ್ಕುತ್ತದೆ, ಮೊದಲೇ ಎಚ್ಚರಿಸಿ. ಗುಂಪು ಗಾಳಿಗೆ ತೇಲುತ್ತಲೇ ಇರುತ್ತದೆ. ಗಂಟೆಗೆ 1 ಕಿ.ಮೀ. ಎಂದರೂ 20 ನಿಮಿಷದಲ್ಲಿ 300 ಮೀಟರ್ ದಾಟಿತು. ಗಾಳಿ ಬರುವ ಕಡೆಯಿಂದ ಶುರುಮಾಡಿ, ಒಂದು ದೋಣಿ ಮಾತ್ರ ಹೊರಗೆ ಕಾವಲಿಗಿರಲಿ.

ಚಿತಾಭಸ್ಮ ಬಿಡುವುದು ಮನೆಯವರ ನಿರ್ಧಾರ, ಆ ನೀರಿನ ನಿಯಮವನ್ನೂ ವಿಚಾರಿಸಿ. ಅದು ಒಲೆಯ ಬೂದಿಯಂತಿರುವುದಿಲ್ಲ. ಸುಮಾರು 2–3 ಕೆ.ಜಿ. ತೂಗುತ್ತದೆ, ಒರಟು ಮರಳಿನಂತೆ. ದಪ್ಪದ್ದು ಮುಳುಗುತ್ತದೆ, ನಯವಾದದ್ದು ಗಾಳಿಗೆ ಹಾರಿ ಮುಖಕ್ಕೇ ಬರುತ್ತದೆ. ಗಾಳಿ ಹೋಗುವ ಬದಿಯಲ್ಲಿ, ಕೈಯನ್ನು ನೀರಿಗೆ ತಾಗುವಷ್ಟು ಇಳಿಸಿ ಬಿಡಿ. ನೋಡಲೆಂದು ಇಬ್ಬರೂ ಒಂದೇ ಬದಿಗೆ ಬಾಗಿದರೆ ದೋಣಿ ಮಗುಚುವುದು ಈಗಲೇ. ಒಬ್ಬರು ಬಿಡುವಾಗ ಇನ್ನೊಬ್ಬರು ಎದುರು ಬದಿಯಲ್ಲಿ ಹುಟ್ಟನ್ನು ನೀರಿನ ಮೇಲೆ ಚಪ್ಪಟೆಯಾಗಿ ಹಿಡಿದಿರಬೇಕು.

ಗಾಳಿ ಎದ್ದಿಲ್ಲವಾದರೆ ವಾಪಸು ಬರುವಾಗ ಅವರಿಂದ ಕಲಿತವರಲ್ಲಿ ಎಲ್ಲರಿಗಿಂತ ಚಿಕ್ಕವರನ್ನು ಹಿಂದಿನ ಸೀಟಿಗೆ ಕೂರಿಸಿ. ದೋಣಿ ನೆಟ್ಟಗಿರಲು ಹುಟ್ಟನ್ನು ಇಂಗ್ಲಿಷ್ ಜೆ ಆಕಾರದಲ್ಲಿ ಎಳೆಯುವ ಜೆ ಸ್ಟ್ರೋಕಿನ ಕೊನೆಯಲ್ಲಿ ಮೇಲಿನ ಕೈಯ ಹೆಬ್ಬೆರಳು ಕೆಳಮುಖವಾಗಬೇಕು. ಮೊದಮೊದಲು ಅದು ಮರೆತುಹೋಗುತ್ತದೆ, ದೋಣಿ ಹಾವಿನಂತೆ ಹರಿಯುತ್ತದೆ. ಮುಂದೆ ಕೂತವರು ತಿದ್ದದೆ, ಹಿಂತಿರುಗಿ ನೋಡದೆ ಹುಟ್ಟು ಹಾಕುತ್ತಿರಲಿ.